ಹರಿಯುವ ಮೊದಲೇ ಬಿದ್ದ ಹೊಲಿಗೆ

ಮೊನ್ನೆ ಅಟ್ಟದಿಂದ ಹಳೆಯ ಕಂಬಳಿಯೊಂದನ್ನು ಇಳಿಸಿ ಬಿಸಿಲಿಗೆ ಹಾಕಿದೆ. ಬಿರುಸಿಗೆಂದು ಬಳಿದ ಹುಣಸೆಬೀಜದ ಗಂಜಿಯ ಕಮಟು ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ತೂತು, ಸುತ್ತ ಸುಟ್ಟು ಗಟ್ಟಿಯಾದ ಉಣ್ಣೆ. ಕಂಬಳಿ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನು ನಾನು. ಇಂಥ ತೂತನ್ನು ಗುರುತು ಸಿಗದ ಹಾಗೆ ಮುಚ್ಚಿಸುವುದು ಗೊತ್ತು. ಇದೊಂದನ್ನು ಮುಚ್ಚಿಸಿಲ್ಲ. ಆ ಕಿಡಿ ಮಗ್ಗದ ಮಾವನ ಬೀಡಿಯದು.

ಮಾವ ಎಂದರೆ ನೆಂಟರೇನಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ನಾನು ಚಳ್ಳಕೆರೆಯಿಂದ ಗಾಡಿಗೆ ಕಂಬಳಿ ಹೇರಿಕೊಂಡು, ತಳಕು, ಬಿ.ಜಿ. ಕೆರೆ ದಾಟಿ ಅವರ ಊರಿಗೆ ಹೋದರೆ ಅವರ ಜಗಲಿಯಲ್ಲಿ ಇಳಿಯುತ್ತಿದ್ದೆ. ಅವರು ಸೀರೆ ಗಂಟು ಹೊತ್ತು ಚಳ್ಳಕೆರೆಗೆ ಬಂದರೆ ನಮ್ಮ ಮನೆಯಲ್ಲೇ ಊಟ. ಒಂದು ದಿನವೂ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ‘ಲೇ ಕಂಬಳಿ’ ಎಂದೇ ಕರೆದರು. ನನ್ನ ಸರಕು ಅವರಿಗೆ ಬೇಡ, ಅವರ ಸರಕು ನನಗೆ ಎಟುಕದು. ನಮ್ಮನ್ನು ಅಂಟಿಸಿದ್ದು ಡೇರೆಯ ಸಿನಿಮಾ.

ಆಗಿನ್ನೂ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ಬೇಸಿಗೆಯಲ್ಲಿ ಡೇರೆಯವರು ಬಂದು ಊರ ಹೊರಗಿನ ಬಯಲಲ್ಲಿ ಗೂಟ ಹೊಡೆಯುತ್ತಿದ್ದರು. ಪರದೆಯ ಪಕ್ಕ ಒಬ್ಬ ಕೋಲು ಹಿಡಿದು ನಿಂತು, ಇವಳು ಯಾರು, ಅವನು ಯಾಕೆ ಅಳುತ್ತಿದ್ದಾನೆ ಎಂದು ಕೂಗಿ ಹೇಳುತ್ತಿದ್ದ. ನಾವು ಕಂಬಳಿ ಹಾಸಿಕೊಂಡು ನೆಲದ ಮೇಲೆ ಕೂರುವವರು. ಆಟ ಮುಗಿದ ಮೇಲೆ ನಮ್ಮ ಆಟ ಶುರು. ಕುದುರೆಯ ಮೇಲೆ ಹೋದವನಿಗಿಂತ ನಡೆದು ಹೋದವನು ಹೇಗೆ ಮೊದಲು ತಲುಪಿದ? ತಿಂಗಳುಗಟ್ಟಲೆ ಸೆರೆಯಲ್ಲಿದ್ದವನಿಗೆ ಗಡ್ಡ ಯಾಕಿಲ್ಲ? ಇಂಥವು ನಮಗೆ ವಾರಗಟ್ಟಲೆ ಸಾಕಾಗುತ್ತಿದ್ದವು. ಮಾವ ಮುಖ ನೋಡುತ್ತಿರಲಿಲ್ಲ, ಬಟ್ಟೆ ನೋಡುತ್ತಿದ್ದರು. ‘ಮುಖ ಸುಳ್ಳು ಹೇಳ್ತೈತೆ, ನೂಲು ಹೇಳಲ್ಲ’ ಎನ್ನುವುದು ಅವರ ಮಾತು.

ಆ ವರ್ಷ ಚಳ್ಳಕೆರೆಗೆ ಒಂದು ಚಿತ್ರ ಬಂತು. ಸಾಹುಕಾರನೊಬ್ಬನ ಮಗಳು ಅಪ್ಪನ ಮಾತು ಮೀರಿ ಮದುವೆಯಾಗಿ ಹೋಗುತ್ತಾಳೆ. ಕಷ್ಟ ಬಂದು, ನಡೆಯುವ ಮಗುವಿನ ಕೈ ಹಿಡಿದು ಅಪ್ಪನ ಬಾಗಿಲಿಗೆ ಬರುತ್ತಾಳೆ. ಅಪ್ಪ ಬಾಗಿಲು ತೆರೆದು ತಬ್ಬಿಕೊಳ್ಳುತ್ತಾನೆ. ಡೇರೆಯ ತುಂಬ ಮೂಗು ಸೀಟುವ ಸದ್ದು. ಆಮೇಲೆ ಕೊನೆಯ ರೀಲಿನಲ್ಲಿ ಅದೇ ಮಗಳು ಅದೇ ಬಾಗಿಲಲ್ಲಿ, ಕಂಕುಳಲ್ಲಿ ಎಳೆಗೂಸು. ಅಪ್ಪ ಅವಳ ಮುಖದ ಮೇಲೆ ಬಾಗಿಲು ಹಾಕುತ್ತಾನೆ. ಸೆರಗು ಬಾಗಿಲಿಗೆ ಸಿಕ್ಕಿ ಹರಿಯುತ್ತದೆ. ಕೋಲಿನವನು ಒಂದು ಗಳಿಗೆ ತಡವರಿಸಿ, ‘ಇದು ಎರಡನೇ ಕೂಸು’ ಎಂದು ಕೂಗಿದ. ಪಕ್ಕದಲ್ಲಿ ಮಾವ ಬೆಚ್ಚಿದರು. ಬೀಡಿ ಕಂಬಳಿಯ ಮೇಲೆ ಬಿತ್ತು...

ಮಾರನೆಯ ದಿನ ಸಂತೆಯ ಬೇವಿನಮರದ ಕೆಳಗೆ ಪಂಚಾಯ್ತಿ. ಒಳಗೆ ಕರೆದುಕೊಂಡ ಮಗಳನ್ನು ಅಪ್ಪ ಮತ್ತೆ ಯಾಕೆ ತಳ್ಳಿದ? ನಾನು ವ್ಯಾಪಾರಸ್ಥನ ಬುದ್ಧಿ ಓಡಿಸಿ ಹೇಳಿದೆ: ಸಿಟ್ಟು ಹೋಗಿರಲಿಲ್ಲ, ಅಡಗಿತ್ತು ಅಷ್ಟೆ; ಒಮ್ಮೆ ಮುರಿದ ಮನಸ್ಸು ತೇಪೆ ಹಾಕಿದ ಗಡಿಗೆ, ನೀರು ಹುಯ್ದರೆ ಸೋರಿಯೇ ಸೋರುತ್ತದೆ. ಜನ ಹೌದೌದು ಎಂದರು.

ಮಾವ ಒಬ್ಬರೇ ಅಲ್ಲವೆಂದು ತಲೆಯಾಡಿಸಿದರು. ‘ಚಿತ್ರಾನೇ ಹಿಂದುಮುಂದಾಗೈತೆ ಕಣ್ಲೇ. ಬಾಗಿಲು ತೆಗೆದಾಗ ಅವಳ ಸೆರಗಿನಾಗೆ ಹೊಲಿಗೆ ಇತ್ತು. ನಾ ನೋಡೀನಿ. ಹರಿಯೋಕೆ ಮುಂಚೆ ಹೊಲಿಗೆ ಹೆಂಗೆ ಬಂತು?’

‘ಹೆಣ್ಮಕ್ಕಳ ಸೀರೆ ಒಂದೇ ಸಲ ಹರಿತೈತಾ ಮಾವ? ಅದು ಹಳೇ ಹೊಲಿಗೆ, ಇದು ಹೊಸ ಹರುಕು.’

‘ಅದೇ ಜಾಗದಾಗಾ?’

‘ಸವೆದ ಜಾಗದಾಗೇ ಅಲ್ವಾ ಹರಿಯೋದು. ನೇಯೋರು ನೀವು, ನಿಮಗೆ ನಾ ಹೇಳ್ಬೇಕಾ?’

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ‘ಕೊನೇಗೆ ಬಾಗಿಲು ತೆಗೀತಾನೆ, ನೋಡ್ತಿರು’ ಎಂದು ಗಂಟು ಹೊತ್ತು ಹೊರಟರು. ಅವರ ಮಾತಿನಲ್ಲಿ ಚರ್ಚೆಗಿಂತ ಹೆಚ್ಚಿನದೇನೋ ಇತ್ತು. ನನಗೆ ಕೇಳಿಸಲಿಲ್ಲ, ಗೆದ್ದವನ ಕಿವಿ ಮಂದ.

ಕೆಲವು ದಿನಗಳ ಮೇಲೆ ಬಿ.ಜಿ. ಕೆರೆಯಲ್ಲಿ ಆ ಕೋಲಿನವನು ಸಿಕ್ಕ. ಡೇರೆ ಬಿಚ್ಚಿ ಆಂಧ್ರದ ಕಡೆ ಹೊರಟಿದ್ದರು. ಒಂದು ಕಂಬಳಿ ಚೌಕಾಶಿ ಮಾಡುತ್ತಾ ಆ ಎರಡನೇ ಕೂಸಿನ ವಿಷಯ ಕೇಳಿದೆ. ಅವನು ನಕ್ಕುಬಿಟ್ಟ. ‘ಚಳ್ಳಕೆರೆಯಾಗೆ ರೀಲಿನ ಡಬ್ಬಿ ಅದಲುಬದಲಾಗಿದ್ವು ಸ್ವಾಮಿ. ಬಾಗಿಲು ಹಾಕೋದು ಮೊದ್ಲು, ತೆಗೆಯೋದು ಕೊನೇಗೆ. ನಡೀತಿದ್ದ ಮಗು ಪಟ್ಟನೆ ಕಂಕುಳಿನ ಕೂಸಾಯ್ತಲ್ಲ, ಏನ್ ಮಾಡ್ಲಿ? ಎರಡನೇದನ್ನ ನಾನೇ ಹುಟ್ಟಿಸಿದೆ.’

ಹಾಗಾದರೆ ಮಾವನೇ ಸರಿ. ಒಂದು ಎಳೆ ಹೊಲಿಗೆಯಿಂದ, ಆ ಮಂಕು ಬೆಳಕಿನಲ್ಲಿ, ಇಡೀ ಕಥೆಯನ್ನು ಸರಿಮಾಡಿಕೊಂಡಿದ್ದರು.

ಅದಾದ ಮೇಲೆ ಮೂರು ಸಲ ಅವರ ಜಗಲಿಯಲ್ಲಿ ಇಳಿದೆ. ಮೊದಲ ಎರಡು ಸಲ ಹೇಳಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಮೊದಲು ಬಿಟ್ಟುಕೊಟ್ಟವನು ಸೋತ ಎಂದು ಸಂತೆ ನನಗೆ ಕಲಿಸಿತ್ತು. ಅವರು ಎರಡು ಸಲವೂ ಮಗ್ಗದ ಗುಂಡಿಯಿಂದ ಎದ್ದು ಬಂದು, ‘ಲೇ ಕಂಬಳಿ, ಇನ್ನೂ ಸೋರ್ತೈತಾ ನಿನ್ನ ಗಡಿಗೆ?’ ಎಂದು ಕೇಳುತ್ತಿದ್ದರು. ನಾನು ಸೋರುತ್ತದೆ ಎನ್ನುತ್ತಿದ್ದೆ.

ಮೂರನೆಯ ಸಲ ಮಾವ ಬಣ್ಣಕ್ಕೆಂದು ನೂಲು ಒಯ್ದಿದ್ದಾಗ ಅತ್ತೆ, ಅವರ ಹೆಂಡತಿ, ಮಜ್ಜಿಗೆ ತಂದು ಬಾಗಿಲಲ್ಲೇ ನಿಂತರು.

‘ಆ ಬಾಗಿಲ ಮಾತು ಇನ್ನು ಎತ್ತಬ್ಯಾಡ ನಾಯನಾ. ನಮ್ಮ ಹುಡುಗಿ ತನಗೆ ಬೇಕಾದೋನ್ನ ಕಟ್ಕೊಂಡು ರಾಂಪುರಕ್ಕೆ ಹೋದ್ಲು. ಎರಡು ವರ್ಷದ ಕೆಳಗೆ ಕೂಸು ಎತ್ಕೊಂಡು ಇದೇ ಹೊಸ್ತಿಲಿಗೆ ಬಂದಿದ್ಲು. ಇವರು ಅಗಳಿ ಹಾಕಿದ್ರು. ನಿಮ್ಮೂರಾಗೆ ಆ ಆಟ ನೋಡಿಬಂದ ಮ್ಯಾಲೆ ಮೂರು ಸಲ ರಾಂಪುರಕ್ಕೆ ಅಂತ ಹೊರಟ್ರು. ಬೀದಿ ತುದಿಗೆ ಹೋಗಿ ತಿರುಗಿ ಬಂದ್ರು. ಕಂಬಳಿ ಹೇಳಿದಂಗೆ ಕರ್ಕೊಂಡ್ ಬಂದು ಮತ್ತೆ ನಾನೇ ತಳ್ಳಿದ್ರೆ ಏನ್ ಗತಿ ಅಂತಾರೆ...’

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಮಾವ ಬರುವವರೆಗೂ ಕೂತೆ. ಬಂದ ಕೂಡಲೇ ಡಬ್ಬಿಯ ವಿಷಯ ಹೇಳಿದೆ. ಅವರು ಒದ್ದೆ ನೂಲನ್ನು ಗಳಕ್ಕೆ ಹರಡುತ್ತಲೇ ಕೇಳಿದರು.

‘ಯಾವಾಗ ತಿಳೀತು ನಿಂಗೆ?’

ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕೈ ಒರೆಸಿಕೊಂಡು, ಮಗ್ಗದಿಂದ ಆಗತಾನೆ ಇಳಿದ ಸೀರೆಯೊಂದನ್ನು ಮಡಿಸಿ ಚೀಲಕ್ಕೆ ಹಾಕಿದರು. ‘ಗಾಡಿ ಕಟ್ಟು’ ಎಂದರಷ್ಟೆ.

ರಾಂಪುರದಲ್ಲಿ ಮಗಳ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೇಳಿದಳು: ಅಳಿಯನಿಗೆ ಸೊಲ್ಲಾಪುರದ ಕಡೆ ಗಿರಣಿ ಕೆಲಸ ಸಿಕ್ಕಿತಂತೆ, ಹೋಗಿ ಎಂಟು ದಿನವಾಯಿತಂತೆ, ಗಿರಣಿಯ ಹೆಸರು ಯಾರಿಗೂ ಗೊತ್ತಿಲ್ಲವಂತೆ. ಎಂಟು ದಿನ. ನಾನು ಬಾಯಿ ಮುಚ್ಚಿಕೊಂಡು ಜಗಲಿಯಲ್ಲಿ ಎರಡನೆಯ ಸಲ ಮಲಗಿದ್ದಾಗ ಅವಳಿನ್ನೂ ಅಲ್ಲೇ ಇದ್ದಳು.

ಮಾವ ಬೀಗವನ್ನು ಒಮ್ಮೆ ಮುಟ್ಟಿ ನೋಡಿದರು. ದಾರಿಯುದ್ದಕ್ಕೂ ಸೀರೆಯ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತೇನೋ... ಸೊಲ್ಲಾಪುರಕ್ಕೆ ಎರಡು ಸಲ ಹೋಗಿ ಬಂದರು. ಅಷ್ಟು ದೊಡ್ಡ ಊರಿನಲ್ಲಿ ಅವಳು ಸಿಗಲಿಲ್ಲ.

ಆಮೇಲೂ ಡೇರೆಗಳು ಬಂದವು. ಮಾವ ಬರುತ್ತಿದ್ದರು, ಇದೇ ಕಂಬಳಿಯ ಮೇಲೆ ನನ್ನ ಎಡಕ್ಕೆ ಕೂರುತ್ತಿದ್ದರು. ನಾನು ಬೇಕೆಂದೇ ತಪ್ಪು ತಪ್ಪಾಗಿ ಅರ್ಥ ಹೇಳಿ ಕೆಣಕುತ್ತಿದ್ದೆ. ‘ನೀ ಹೇಳಿದ್ದೇ ಇರಬೋದು ಬಿಡು’ ಎನ್ನುತ್ತಿದ್ದರು. ಜಗಳವಾಡದ ಮಾವನ ಪಕ್ಕದಲ್ಲಿ ಕೂರುವುದು ನನಗೆ ಸಿಕ್ಕ ಶಿಕ್ಷೆ. ಚಿತ್ರಗಳಿಗೆ ಮಾತು ಬರುವ ಹೊತ್ತಿಗೆ ಅವರು ತೀರಿಹೋಗಿದ್ದರು. ಕೊನೆಯವರೆಗೂ ಅವರ ಮನೆಯ ಅಗಳಿಗೆ ಕೆಲಸವಿರಲಿಲ್ಲ. ಮುಂಬಾಗಿಲನ್ನು ಬರೀ ಮುಂದಕ್ಕೆ ಮಾಡಿ ಮಲಗುತ್ತಿದ್ದರು ಎಂದು ಅತ್ತೆ ಹೇಳಿದರು.

ನಮ್ಮ ಅಂಗಡಿಗೆ ಬರುವ ಹುಡುಗರು ವ್ಯಾಪಾರದ ಗುಟ್ಟು ಕೇಳುತ್ತಾರೆ. ಸರಕಿನ ಬೆಲೆಯನ್ನು ಎಷ್ಟು ಬೇಕಾದರೂ ಬಿಗಿಹಿಡಿಯಿರಿ, ಎದುರಿನವರ ಮಾತು ಸರಿ ಎಂದು ತಿಳಿದರೆ ಮಾತ್ರ ಅವತ್ತೇ ಹೇಳಿಬಿಡಿ ಎನ್ನುತ್ತೇನೆ. ಅವರಿಗೆ ಅದು ಗುಟ್ಟಿನಂತೆ ಕಾಣುವುದಿಲ್ಲ.

ನಿನ್ನೆ ಆ ಕಂಬಳಿಯನ್ನೇ ಹೆಗಲಿಗೆ ಹಾಕಿಕೊಂಡು ಡೇರೆಗೆ ಹೋಗಿ, ಅದನ್ನೇ ಹಾಸಿ ಕೂತಿದ್ದೆ. ಈಗ ಪರದೆಯ ಮೇಲೆ ಎಲ್ಲರೂ ಮಾತಾಡುತ್ತಾರೆ, ಹಾಡುತ್ತಾರೆ. ನಾಯಕಿ ಹೊಳೆಗೆ ಬಿದ್ದಳು, ಎದ್ದು ದಡಕ್ಕೆ ಬಂದಳು. ಸೀರೆ ಗರಿಗರಿಯಾಗಿ ಒಣಗಿತ್ತು. ‘ಮಾವ, ನೋಡಿದ್ರಾ’ ಎನ್ನಲು ಎಡಕ್ಕೆ ತಿರುಗಿದೆ. ಕಂಬಳಿಯ ಆ ತೂತಿನಲ್ಲಿ ಕೆಳಗಿನ ನೆಲ ಕಾಣುತ್ತಿತ್ತು.