ಹ್ಞೂಂ ಅನ್ನುವವರು

ಸಾಕುಸಾಕಾಗಿ ಹೋಗಿತ್ತು. ಸಿದ್ದಾಪುರದಿಂದ ಶಿರಸಿ, ಅಲ್ಲಿಂದ ಬನವಾಸಿ ಕಡೆಯ ಬಸ್ಸು, ಆಮೇಲೆ ಯಾರದೋ ಬೈಕಿನ ಹಿಂದೆ. ವಾರವಿಡೀ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯೆಂದು ಗಂಟಲು ಹರಿದುಕೊಂಡು, ಸಿಕ್ಕ ರಜೆಯನ್ನೆಲ್ಲ ದೇವಿಯ ಹಿಂದೆ ಸುತ್ತಿ ಕಳೆದವಳು ನಾನು. ಮಹಾಭಾರತದ ದ್ರೌಪದಿ ನಮ್ಮ ಹಳ್ಳಿಗಳ ಕಥೆಗಳಲ್ಲಿ ಅಮ್ಮನಾಗಿ ನಿಂತದ್ದು ಹೇಗೆ ಎಂಬುದು ನನ್ನ ಸಂಶೋಧನೆ. ಈ ತಿಂಗಳೊಳಗೆ ಮಹಾಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂದು ಮಾರ್ಗದರ್ಶಕರು ಹೇಳಿಯಾಗಿತ್ತು. ಕೊನೆಯ ಅಧ್ಯಾಯಕ್ಕೆ ಅವಳು ಅಮ್ಮನಾದ ಕಥೆಯ ಇನ್ನೊಂದು ಧ್ವನಿಮುದ್ರಣ ಬೇಕಿತ್ತು.

"ಎಂತದೇ, ಇವತ್ತೂ ಹೋಗವಾ? ನಿನ್ನ ದೇವಿ ಎಲ್ಲಿಗೂ ಓಡಿ ಹೋಗ್ತಿಲ್ಲೆ" ಎಂದು ಹೊರಡುವಾಗ ಅತ್ತೆ ಛೇಡಿಸಿದರು. ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ.

ಕಥೆಯೇನೋ ನನಗೆ ಬಾಯಿಪಾಠ. ವನವಾಸದಲ್ಲಿ ದ್ರೌಪದಿ ತನ್ನ ದುಃಖವನ್ನೆಲ್ಲ ಐವರು ಗಂಡಂದಿರ ಮುಂದೆ ತೋಡಿಕೊಳ್ಳುತ್ತಾಳೆ. ಹ್ಞೂಂ ಅನ್ನುತ್ತಿರಿ, ಹ್ಞೂಂ ನಿಂತರೆ ನಾನು ನಿಮ್ಮವಳಲ್ಲ ಎನ್ನುತ್ತಾಳೆ. ಒಬ್ಬೊಬ್ಬರಾಗಿ ನಿದ್ದೆಹೋಗುತ್ತಾರೆ. ಕೊನೆಗೆ ಭೀಮನ ಹ್ಞೂಂ ಕೂಡ ನಿಲ್ಲುತ್ತದೆ. ಅವಳು ಕೂದಲು ಕೆದರಿ ಎದ್ದು, ಕಾಡಿಗೆ ಬೆಂಕಿಯಿಟ್ಟು ಅಮ್ಮನಾಗುತ್ತಾಳೆ. ಯಲ್ಲಾಪುರದ ಕಡೆ ಕೇಳಿದರೂ ಇದೇ ಸಿಟ್ಟು, ಬಿಳಗಿಯಲ್ಲಿ ಕೇಳಿದರೂ ಇದೇ. ಈ ದೇವಿಗೆ ಕ್ಷಮೆಯೆಂಬುದಿಲ್ಲ ಎನ್ನುವುದೇ ನನ್ನ ಪ್ರಬಂಧದ ತೀರ್ಮಾನ. ಇಲ್ಲಿಯೂ ಅದನ್ನೇ ಹೇಳಿಬಿಟ್ಟರೆ ನನ್ನ ಕೆಲಸ ಮುಗಿದಂತೆ.

ಅಮ್ಮನ ವಾರವೆಂದು ಯಾರೂ ಗದ್ದೆಗಿಳಿಯದ ಮಂಗಳವಾರ ಅದು. ಕಥೆ ಹೇಳುವ ಅಜ್ಜಿ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ಮೊಬೈಲನ್ನು ರೆಕಾರ್ಡಿಗೆ ಹಾಕಿ, ಅವರ ದನಿಯಷ್ಟೇ ಬರಲೆಂದು ನಾನು ತುಟಿ ಬಿಗಿದು ಕೂತೆ. ಅಜ್ಜಿ ನಾಲ್ಕು ಮಾತಾಡಿ ನಿಲ್ಲಿಸಿಯೇಬಿಟ್ಟರು.

"ಹ್ಞೂಂ ಅನ್ನ ತಂಗಿ. ಗ್ವಾಡಿಗೆ ಹೇಳ್ಲೇನು ಕಥಿ?"

ಹಾಳಾಗಲಿ, ರೆಕಾರ್ಡಿಂಗ್ ಕೆಟ್ಟರೆ ಕೆಡಲಿ ಎಂದು ಹ್ಞೂಂಗುಟ್ಟತೊಡಗಿದೆ. ಅವರ ಮನೆಯ ರೊಟ್ಟಿ ಪಲ್ಯ ಹೊಟ್ಟೆಯಲ್ಲಿತ್ತು, ಗಾಳಿ ತಣ್ಣಗಿತ್ತು. ಧರ್ಮರಾಯ ಮಲಗಿದ, ಅರ್ಜುನ ಮಲಗಿದ. ಭೀಮ ಆಕಳಿಸಿದ್ದು ನೆನಪಿದೆ. ಅಷ್ಟೇ.

ಕಣ್ಣು ಬಿಟ್ಟಾಗ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ದಡಬಡಿಸಿ ಎದ್ದು ಕೂತೆ.

"ಅಯ್ಯೋ ಅಜ್ಜೀ, ಕಥೆ?"

"ಮುಗೀತವಾ. ಚಾ ಕುಡಿ, ಬಸ್ಸಿಗೆ ಹೊತ್ತಾತು."

ಇನ್ನೊಮ್ಮೆ ಹೇಳಿ ಎನ್ನಲು ಬಾಯಿ ಬರಲಿಲ್ಲ. ನನ್ನನ್ನೇ ಬೈದುಕೊಳ್ಳುತ್ತ ಬಸ್ಸು ಹತ್ತಿದೆ, ಇಯರ್‌ಫೋನು ಕಿವಿಗಿಟ್ಟೆ. ನನ್ನ ಹ್ಞೂಂ ತೆಳ್ಳಗಾಗುತ್ತ ಬಂದು ನಿಂತಿತು. ಬೆನ್ನಿಗೇ ಗೊರಕೆ. ಥೂ, ಮಾನ ಹೋಯಿತು!

ಅಜ್ಜಿಯ ಸೊಸೆಯ ದನಿ ಕೇಳಿಸಿತು. "ಅಕ್ಕೋರು ಮಲಗ್ಯಾರ. ಎಬ್ಬಿಸ್ಲೇನತ್ತಿ?"

"ಬ್ಯಾಡ ಸುಮ್ನಿರು."

ಅಜ್ಜಿ ದನಿ ತಗ್ಗಿಸಿ ಕಥೆ ಮುಂದುವರಿಸಿದರು. "ಆವಾಗ ಅಮ್ಮ ಎದ್ಲು. ಐದೂ ಮಂದಿ ಮಕ ನೋಡಿದ್ಲು. ತಿರುಗಿ ತಿರುಗಿ ದಣದಾವ, ಮಲಗ್ಲಿ ಬಿಡು ಅಂದ್ಲು. ಬಿಚ್ಚಿದ ಕೂದ್ಲ ಕಟಿಗೊಂಡ್ಲು. ಸೆರಗ ಹೊಚ್ಚಿದ್ಲು."

ನಾನು ಹ್ಞೂಂ ಅನ್ನಬೇಕಾದಲ್ಲಿ ಅಜ್ಜಿಯೇ ಮೆಲ್ಲಗೆ "ಹ್ಞೂಂ" ಅಂದರು.

ಬಸ್ಸಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ. ಯಾರಾದರೂ ತೀರಿಕೊಂಡರೇನೋ ಎಂದು ಪಕ್ಕದವರು ವಿಚಾರಿಸಿದರು.

ಮರುದಿನ ಮಾರ್ಗದರ್ಶಕರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ನಿಮ್ಮನ್ನ ನೋಡಿ ಅಜ್ಜಿ ಕನಿಕರದಿಂದ ಕಥೆ ಬದಲಾಯಿಸಿದ್ದಾರೆ ಅಷ್ಟೆ. ನೀವೇ ನಿದ್ದೆಯಲ್ಲಿದ್ರಿ, ಅದು ದಾಖಲೆ ಹೇಗಾಗುತ್ತೆ? ಕೈಬಿಟ್ಟು, ಇರೋದನ್ನ ಒಪ್ಪಿಸಿ" ಎಂದರು.

"ಕ್ಷಮೆಯೇ ಇಲ್ಲ ಅಂತ ಇನ್ನು ಹೇಗೆ ಬರೀಲಿ ಸರ್? ಮೊದಲಿಂದ ಬರೀಬೇಕು."

"ಹಾಗಾದ್ರೆ ನೋಂದಣಿ ಹೋಗುತ್ತೆ."

"ಹೋಗಲಿ ಸರ್."

ನನಗೆಲ್ಲಿಯ ಧೈರ್ಯ, ಸುಸ್ತಿಗೆ ಬಂದ ಮಾತು ಅದು. ಇಷ್ಟು ವರ್ಷದ ಓದು ಹೋಯಿತಲ್ಲ. ಫೋನಿಟ್ಟು ಪುಸ್ತಕದ ರಾಶಿಯ ಪಕ್ಕದಲ್ಲೇ ನೆಲಕ್ಕೆ ಒರಗಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಎಚ್ಚರವಾದಾಗ ಸಂಜೆಯಾಗಿತ್ತು. ಮೈಮೇಲೆ ಅತ್ತೆಯ ಹಳೆಯ ಸೀರೆಯಿತ್ತು.