ಕೆಂಪು ದಾರದ ಶರ್ಟು

ನಮ್ಮ ಕೆಲಸದ ವೇಗ ಅಳೆಯಲು ಸ್ಟಾಪ್‌ವಾಚ್ ಹಿಡಿದು ಬಂದ ಹುಡುಗಿ ಅಂದು ನಮ್ಮ ಯಾರ ಬೆನ್ನ ಹಿಂದೆಯೂ ನಿಲ್ಲಲಿಲ್ಲ. ಒಂದು ಬಿಳಿ ಶರ್ಟಿಗೆಂದು ಕತ್ತರಿಸಿದ ತುಂಡುಗಳಿಗೆಲ್ಲ ಕೆಂಪು ದಾರ ಕಟ್ಟಿ, ಅವು ಹೋದಲ್ಲೆಲ್ಲ ತಾನೂ ಹೋದಳು. ಮೆಟ್ರೊ ಇನ್ನೂ ಬಾರದ ಕಾಲ. ಕೆಂಗೇರಿಯ ಗಾರ್ಮೆಂಟ್ಸಿನಲ್ಲಿ ನಾನು ಗುಂಡಿ ಹಾಕುತ್ತಿದ್ದೆ. ಕಿಟಕಿಯ ಬಿಸಿಲಲ್ಲಿ ನೂಲಿನ ಧೂಳು ತೇಲುತ್ತಿತ್ತು. ಹೊಳೆಗೆ ಬಿಟ್ಟ ಎಲೆಯ ಜೊತೆ ದಡದಲ್ಲಿ ನಡೆಯುವವಳಂತೆ ಆಕೆ ಮೆಲ್ಲನೆ ನಡೆಯುತ್ತಿದ್ದಳು.

ನನ್ನ ಪಕ್ಕದಲ್ಲಿ ಶರ್ಟಿಗೆ ತೋಳು ಕೂಡಿಸುವ ಗದಗಿನ ಶಾಂತವ್ವನ ಮುಂದೆ ತೋಳಿಲ್ಲದ ಶರ್ಟುಗಳ ರಾಶಿ ಬಿದ್ದಿತ್ತು. "ನೋಡಿ ಮೇಡಂ, ಇವಳೇ ಸ್ಲೋ. ನಾಳೆಯಿಂದ ಬರೋದು ಬೇಡ ಅಂದಿದೀನಿ," ಎಂದರು ಸೂಪರ್‌ವೈಸರ್.

"ತೋಳು ಬರಬೇಕಲ್ರೀ ಸರ. ನನ್ನ ತೋಳು ಕಿತ್ತು ಹಚ್ಚಲೇನ್ರಿ?" ಎಂದಳು ಶಾಂತವ್ವ. ನಾವೆಲ್ಲ ನಕ್ಕೆವು. ಅವಳ ಕಣ್ಣು ಮಾತ್ರ ತುಂಬಿತ್ತು.

ಹುಡುಗಿ ತೋಳು ಹೊಲಿಯುವ ಸಾಲಿಗೆ ಹೋದಳು. ಎಲ್ಲರಿಗಿಂತ ಚುರುಕೆಂದು ಬೋರ್ಡಿನ ಮೇಲೆ ಹೆಸರು ಪಡೆದ ಸಾಲು ಅದು. ದೊಡ್ಡ ಕಟ್ಟು ತುಂಬುವವರೆಗೂ ಹೊಲಿದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಕೆಂಪು ದಾರದ ತೋಳುಗಳು ಬೆಳಿಗ್ಗೆಯೇ ಸಿದ್ಧವಾಗಿ ಬುಟ್ಟಿಯ ತಳದಲ್ಲಿ ಮಲಗಿದ್ದವು. "ಆಯಮ್ಮನ ಕೈ ನಿಧಾನ ಇಲ್ಲ ಸಾರ್, ಶರ್ಟು ಕಾಯ್ತಾ ಕೂತಿದೆ. ಒಬ್ಬೊಬ್ಬರನ್ನೇ ಅಳೆದ್ರೆ ಇದು ಕಾಣಲ್ಲ," ಎಂದು ಹುಡುಗಿ ಸೂಪರ್‌ವೈಸರಿಗೆ ಹೇಳಿದಳು. ಮರುದಿನದಿಂದ ತೋಳುಗಳು ಚಿಕ್ಕ ಕಟ್ಟುಗಳಲ್ಲಿ ಬಂದವು. ಶಾಂತವ್ವ ತನ್ನ ಜಾಗದಲ್ಲೇ ಉಳಿದಳು.

ಇಂದಿಗೂ ಬಸ್ಸಿನಲ್ಲಿ ಮುಂದೆ ಕೂತವರ ತೋಳಿನ ಹೊಲಿಗೆ ಕಂಡರೆ, ಇದು ಎಲ್ಲೆಲ್ಲಿ ಎಷ್ಟು ಹೊತ್ತು ಕಾದಿತ್ತೋ ಎಂದು ಮೈಮರೆಯುತ್ತೇನೆ. "ಅಜ್ಜೀ, ನಾವಿಳಿಯೋ ಅತ್ತಿಗುಪ್ಪೆ ಹಿಂದೆ ಹೋಗೇಬಿಡ್ತು!" ಎಂದು ಮೊಮ್ಮಗಳು ಕೈ ಹಿಡಿದು ಎಳೆಯಬೇಕು.