ಕಿಟಕಿ ಹತ್ತಿರದ ಕೊಂಬೆ

ಕೊಡಿಗೇಹಳ್ಳಿಯ ಆ ಮೇಷ್ಟ್ರು ಹಳೇ ಚೀನೀ ಕವನಗಳನ್ನು ಕನ್ನಡಕ್ಕೆ ತರುತ್ತಿದ್ದರು. ಎಲ್ಲದರಲ್ಲೂ ವಸಂತ, ಎಲ್ಲದರಲ್ಲೂ ಉದುರುವ ಹೂವು. ಎರಡು ಬೆರಳಲ್ಲಿ ಗಾಳಿಯಲ್ಲಿ ತೇಲುವ ಹೂ ಹಿಡಿದಂತೆ ಮಾಡಿ, "ಹೂವು ಅಂದ್ರೆ ಆ ಕವಿಗಳಿಗೆ ಜೀವ ಕಣಪ್ಪ" ಎನ್ನುತ್ತಿದ್ದರು.

ನಾನು ಮರ ಕಡಿಯುವವನು. ಅವರ ಕಾಂಪೌಂಡಿನ ಹೊಂಗೆ ಮರದ ಹೂವು ಹೊಸ ಕಾರಿನ ಮೇಲೆ ಬೀಳುತ್ತಿತ್ತು. ಅದೇ ಎರಡು ಬೆರಳಲ್ಲಿ ಬಾನೆಟ್ಟಿನ ಹೂ ಎತ್ತಿ ಎಸೆಯುತ್ತಾ, "ಪೂರ್ತಿ ತೆಗೆದುಬಿಡಪ್ಪ" ಎಂದರು.

ಮುಕ್ಕಾಲು ಮರ ಇಳಿಸಿದ್ದೆ. ಮೇಷ್ಟ್ರು ಹಾಳೆ ಹಿಡಿದು ಓಡಿಬಂದರು.

"ನಿಲ್ಸಪ್ಪ! ಕಿಟಕಿ ಹತ್ರದ್ ಕೊಂಬೆ ಬಿಡು. ನಾಲ್ಕು ಕವನ ಬಾಕಿ ಇದೆ. ಹೂ ಉದುರೋದು ನೋಡ್ದೆ ಹೆಂಗ್ ಬರೀಲಿ?"

"ಕಾರ್ ಮೇಲೆ ಬೀಳುತ್ತಲ್ಲ ಸಾರ್?"

"ಕಾರ್‌ನ ಪಕ್ಕದ್ ಮನೆ ಗೇಟ್ ಮುಂದೆ ನಿಲ್ಲಿಸ್ತೀನಿ."

ಕೊಂಬೆ ಬಿಟ್ಟು ಇಳಿದೆ. ಪಕ್ಕದ ಮನೆಯವರು ದಿನಾ ಬೈಯುತ್ತಿದ್ದರಂತೆ. ಮೇಷ್ಟ್ರು ಕಿಟಕಿ ಬಿಟ್ಟು ಕದಲಲಿಲ್ಲವಂತೆ.

ಮುಂದಿನ ಯುಗಾದಿ ಕಳೆದ ಮೇಲೆ ಅವರ ಫೋನ್ ಬಂತು. ಉಳಿದ ಕೊಂಬೆ ತುಂಬಾ ಹೂ ಬಿಟ್ಟಿದೆ ಎಂದರು. ದನಿಯಲ್ಲಿ ಖುಷಿ ಇತ್ತು.

"ಪುಸ್ತಕ ಅಚ್ಚಾಯ್ತು ಕಣಪ್ಪ. ಗರಗಸ ತಗೊಂಡ್ ಬಾ."